ಹಂಪಿ ಹೋಯಿತು, ಇನ್ನೇನಿದೆ ನಿಮ್ಮೂರಲ್ಲಿ?

ದಸರಾ ರಜೆ ಬಂದರೆ ನಾಡಿಗೆ ನಾಡೇ ಮೈಸೂರಿಗೆ ಹೊರಡುತ್ತದೆ. ಮೈಸೂರಿನಲ್ಲೇ ನೆಲೆಸಿರುವ ನನ್ನ ಹಳೆಯ ಗೆಳೆಯ ಮಾತ್ರ, ‘ಜಂಬೂಸವಾರಿ ಮುಗಿದ ಕೂಡಲೇ ಊರು ಬಿಟ್ಟು ನಿಮ್ಮ ಕಡೆ ಬರ್ತೀವಿ ಕಣಯ್ಯ’ ಎಂದು ಫೋನ್ ಮಾಡಿದ. ನಾವಿಬ್ಬರೂ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು. 1977ರಿಂದ ಮೂರು ವರ್ಷ ಸಿರುಗುಪ್ಪ ಶಾಖೆಯಲ್ಲಿ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ಲೆಡ್ಜರ್ ಬರೆದವರು. ಆಮೇಲೆ ಅವನಿಗೆ ವರ್ಗವಾಯಿತು. ಮದುವೆ ಮುಂಜಿಗಳಲ್ಲಿ ಭೇಟಿಯಾಗಿದ್ದು ಬಿಟ್ಟರೆ ಅವನು ಮತ್ತೆ ನಮ್ಮ ಕಡೆ ಬಂದಿರಲೇ ಇಲ್ಲ.

‘ಮೊಮ್ಮಗಳಿಗೆ ಹಂಪಿ ತೋರಿಸಬೇಕು. ನಿಮ್ಮನೇಲಿ ಒಂದು ರಾತ್ರಿ ಇದ್ದು ಹೊರಟುಬಿಡ್ತೀವಿ. ಬಳ್ಳಾರೀಲಿ ನೋಡೋಕೆ ಏನಿದೆ, ಬಿಸಿಲು ಮತ್ತು ಧೂಳು!’ ಎಂದು ನಕ್ಕ.

ನಾನೂ ನಕ್ಕೆ. ಆದರೆ ಫೋನ್ ಇಟ್ಟ ಮೇಲೆ ಆ ಮಾತು ಮುಳ್ಳಿನ ಹಾಗೆ ಚುಚ್ಚತೊಡಗಿತು. ಏಳನೇ ತರಗತಿ ಓದುವ ನನ್ನ ಮೊಮ್ಮಗ ಪಕ್ಕದಲ್ಲೇ ಇದ್ದ. ‘ಹೌದಲ್ಲ ತಾತ, ನಮ್ಮೂರಾಗ ಏನೈತಿ ತೋರ್ಸಾಕ? ಹಂಪಿನೂ ಈಗ ನಮ್ಮ ಜಿಲ್ಲೆದಲ್ಲ’ ಎಂದ. ಅವನು ಹೇಳಿದ್ದೂ ಸರಿಯೇ. 2021ರ ಅಕ್ಟೋಬರ್‌ನಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಹಂಪಿ, ಹೊಸಪೇಟೆ ಆ ಕಡೆ ಹೋದವು. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರು ಎಂಬ ಐದು ತಾಲ್ಲೂಕುಗಳು ನಮ್ಮ ಪಾಲಿಗೆ ಉಳಿದವು. ಅಂದಿನಿಂದ ‘ಹಂಪಿ ಹೋಯಿತು, ಇನ್ನೇನಿದೆ’ ಎಂಬ ಮಾತು ಊರಿನವರ ಬಾಯಲ್ಲೇ ಕೇಳಿಬರುತ್ತಿದೆ.

ಗೆಳೆಯನಿಗೆ ಮತ್ತೆ ಫೋನ್ ಮಾಡಿದೆ. ‘ಹಂಪಿ ಎಲ್ಲಿಗೂ ಓಡಿಹೋಗಲ್ಲ. ಎರಡು ದಿನ ಮತ್ತು ಮೂರನೇ ದಿನದ ಒಂದು ಬೆಳಗು ನನಗೆ ಕೊಡು’ ಎಂದೆ. ಒಪ್ಪಿದ.

ಆಮೇಲೆ ನನ್ನ ಪೀಕಲಾಟ ಶುರುವಾಯಿತು. ತೋರಿಸುತ್ತೇನೆ ಎಂದು ಹೇಳಿದ್ದೇನೋ ಹೇಳಿದೆ, ನಾನೇ ಎಷ್ಟು ನೋಡಿದ್ದೇನೆ? ಕಪಾಟಿನಲ್ಲಿದ್ದ ಒಂದು ಹಳೆಯ ಲೆಡ್ಜರ್ ತೆಗೆದು ಪುಟದ ನಡುವೆ ಗೆರೆ ಎಳೆದೆ. ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಕಾಣಬೇಕಾದ್ದು’. ನಮ್ಮ ಬಿ.ಕಾಂ. ಓದು ಇಂಥದ್ದಕ್ಕಾದರೂ ಉಪಯೋಗಕ್ಕೆ ಬರಬೇಕಲ್ಲ! ಬರೆದು ಮುಗಿಸಿದಾಗ ಎಡಗಡೆ ನಾಲ್ಕೇ ಸಾಲು, ಬಲಗಡೆ ಪುಟ ತುಂಬಿತ್ತು. ಎಪ್ಪತ್ತು ದಾಟಿದ ಬಳ್ಳಾರಿಯವನ ಲೆಕ್ಕ ಇದು. ಮೊಮ್ಮಗ ಇಣುಕಿ ನೋಡಿ, ‘ತಾತ, ಬಾಕಿನೇ ಜಾಸ್ತಿ ಐತಲ್ಲ’ ಎಂದ.

ಗುಡ್ಡದ ಕೆಳಗಿನ ಊರು

ಹಂಪಿ ಎಕ್ಸ್‌ಪ್ರೆಸ್ ರೈಲಿನಲ್ಲಿ ಗೆಳೆಯ, ಅವನ ಹೆಂಡತಿ, ಐದನೇ ತರಗತಿಯ ಮೊಮ್ಮಗಳು ಬೆಳಿಗ್ಗೆ ಬಂದಿಳಿದರು. ಮನೆಯಲ್ಲಿ ಮಂಡಾಳು ಒಗ್ಗರಣೆ, ಬಿಸಿ ಮಿರ್ಚಿ ಕಾಯುತ್ತಿತ್ತು. ಮೊಮ್ಮಗಳು ಮೊದಲ ಮಿರ್ಚಿಗೇ ಕಣ್ಣೀರು ಸುರಿಸಿ, ಎರಡನೆಯದನ್ನೂ ತಿಂದಳು. ನಮ್ಮೂರಿಗೆ ಒಗ್ಗುವ ಹುಡುಗಿ ಎಂದುಕೊಂಡೆ.

ಮೊದಲು ಬಳ್ಳಾರಿ ಗುಡ್ಡ. ಊರಿನ ನಡುವೆಯೇ ಎದ್ದು ನಿಂತಿರುವ ಬೋಳು ಕಲ್ಲಿನ ಬೆಟ್ಟ ಇದು. ಮೇಲಿನ ಕೋಟೆಯನ್ನು ಕಟ್ಟಿಸಿದವನು ವಿಜಯನಗರದ ಅರಸರ ಅಧೀನದಲ್ಲಿದ್ದ ಪಾಳೆಯಗಾರ ಹನುಮಪ್ಪ ನಾಯಕ. 18ನೇ ಶತಮಾನದಲ್ಲಿ ಹೈದರ್ ಅಲಿ ಇದನ್ನು ವಶಪಡಿಸಿಕೊಂಡು ಕೆಳಗಿನ ಕೋಟೆಯನ್ನು ಕಟ್ಟಿಸಿದ. ಆಮೇಲೆ ಇದು ಹೈದರಾಬಾದಿನ ನಿಜಾಮನ ಕೈಗೆ ಹೋಗಿ, 1800ರಲ್ಲಿ ಬ್ರಿಟಿಷರಿಗೆ ಸಿಕ್ಕಿತು. ಅವರ ಮೊದಲ ಪ್ರಧಾನ ಕಲೆಕ್ಟರ್ ಥಾಮಸ್ ಮನ್ರೋ 1807ರವರೆಗೆ ಈ ಸೀಮೆಯ ಆಡಳಿತ ನೋಡಿಕೊಂಡ. ಹೊಲಗಳನ್ನು ಅಳೆಸಿ, ರೈತರಿಂದ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ಇಲ್ಲಿ ನೆಲೆಗೊಳಿಸಿದವನು ಅವನೇ.

ಕಲ್ಲಿನಲ್ಲಿ ಕಡಿದ ಮೆಟ್ಟಿಲು ಹತ್ತುತ್ತಾ ನಮ್ಮೂರಿನ ಹಳೆಯ ಕಥೆ ಹೇಳಿದೆ. ಹೈದರ್ ಅಲಿ ಒಬ್ಬ ಫ್ರೆಂಚ್ ಎಂಜಿನಿಯರ್‌ನಿಂದ ಕೋಟೆ ಕಟ್ಟಿಸಿದನಂತೆ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ! ಅಲ್ಲಿ ಫಿರಂಗಿ ಇಟ್ಟರೆ ಕೋಟೆಯ ಕಥೆ ಮುಗಿಯಿತು. ಸಿಟ್ಟಿಗೆದ್ದ ಹೈದರ್ ಆ ಎಂಜಿನಿಯರ್‌ನನ್ನು ಕೋಟೆಯ ಬಾಗಿಲಲ್ಲೇ ಗಲ್ಲಿಗೇರಿಸಿದನಂತೆ.

‘ಎರಡು ಗುಡ್ಡ ಎದುರೆದುರೇ ಇದೆ. ಕಟ್ಟೋಕೆ ಮುಂಚೆ ಯಾರಿಗೂ ಕಾಣಿಸಲಿಲ್ವಾ?’ ಎಂದು ಮೊಮ್ಮಗಳು ಕೇಳಿದಳು.

ಅರವತ್ತು ವರ್ಷಗಳಿಂದ ಈ ಕಥೆ ಹೇಳುತ್ತಿದ್ದೇನೆ. ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ‘ಇದು ವೋಚರ್ ಇಲ್ಲದ ಲೆಕ್ಕ ಪುಟ್ಟಿ. ಜನ ಹೇಳುತ್ತಾರೆ, ನಾವು ಕೇಳುತ್ತೇವೆ. ಇತಿಹಾಸದ ಖಾತೆಗೆ ಇದನ್ನು ಜಮಾ ಮಾಡುವಂತಿಲ್ಲ’ ಎಂದೆ. ಎದುರಿನ ಕುಂಬಾರ ಗುಡ್ಡವನ್ನು ಒಂದು ಕೋನದಿಂದ ನೋಡಿದರೆ ಮಲಗಿದ ಮನುಷ್ಯನ ಮುಖ ಕಾಣುತ್ತದೆ. ಬ್ರಿಟಿಷರು ಅದನ್ನು ‘ಮುಖದ ಗುಡ್ಡ’ ಎಂದೇ ಕರೆದರು. ಮಕ್ಕಳಿಬ್ಬರೂ ಮೂಗು ಯಾವುದು, ಗಲ್ಲ ಯಾವುದು ಎಂದು ವಾದಕ್ಕಿಳಿದರು.

ಅರ್ಧ ದಾರಿಗೆ ನನ್ನ ಮಂಡಿ ಮುಷ್ಕರ ಹೂಡಿತು. ಒಂದು ಬಂಡೆಯ ನೆರಳಿನಲ್ಲಿ ಕೂತುಬಿಟ್ಟೆ. ಇಲ್ಲೊಂದು ನಿಜ ಒಪ್ಪಿಕೊಳ್ಳಬೇಕು. ನಾನು ಈ ಗುಡ್ಡದ ತುದಿಗೆ ಹೋಗಿದ್ದು ನಾಲ್ಕನೇ ತರಗತಿಯಲ್ಲಿ, ಮೇಷ್ಟರ ಜೊತೆ. ಆಮೇಲೆ ಕೆಲಸದ ಬಹುಪಾಲು ವರ್ಷಗಳನ್ನು ಈ ಊರಿನಲ್ಲೇ ಕಳೆದೆ. ನಗದು ಕೌಂಟರಿನ ಕಿಟಕಿಯಿಂದ ದಿನವೂ ಈ ಗುಡ್ಡ ಕಾಣುತ್ತಿತ್ತು. ‘ಮುಂದಿನ ಭಾನುವಾರ ಹತ್ತೋಣ’ ಎನ್ನುತ್ತಿದ್ದೆ. ಆ ಭಾನುವಾರ ಬರುವ ಹೊತ್ತಿಗೆ ಮಂಡಿ ಹೋಯಿತು.

‘ತಾತ, ಲೆಡ್ಜರ್ ಕೊಡು’ ಎಂದು ಮೊಮ್ಮಗ ಕೈ ಚಾಚಿದ. ನಾನು ಬರೆದಿಟ್ಟ ಟಿಪ್ಪಣಿಗಳನ್ನು ನೋಡಿಕೊಂಡು ಅತಿಥಿಗಳನ್ನು ಅವನೇ ಮೇಲೆ ಕರೆದೊಯ್ದ. ಅವರು ಇಳಿದು ಬಂದಾಗ ಅವನ ನಡಿಗೆಯೇ ಬದಲಾಗಿತ್ತು. ಬಂಡೆಯ ಸೀಳುಗಳಲ್ಲಿ ಮಳೆನೀರು ಹಿಡಿಯುವ ಹೊಂಡಗಳಿವೆ, ಮುತ್ತಿಗೆ ಬಿದ್ದಾಗ ಸೈನಿಕರಿಗೆ ಅದೇ ನೀರು ಎಂದು ಮೊಮ್ಮಗಳಿಗೆ ಕೈಬೀಸಿ ವಿವರಿಸುತ್ತಿದ್ದ. ‘ನಮ್ಮೂರಾಗ ಏನೈತಿ’ ಎಂದವನು ಇವನೇನಾ ಎನಿಸಿತು.

ಮನೆ ಅಲ್ಲೇ, ರಾಜ್ಯ ಮೂರು

ಬಂಡೆಯ ಮೇಲೆ ಕೂತು ನೀರು ಕುಡಿಯುವಾಗ ಕೆಳಗಿನ ಊರನ್ನು ತೋರಿಸಿ ಮಕ್ಕಳಿಗೊಂದು ಒಗಟು ಹೇಳಿದೆ. ‘ನಾನು ಹುಟ್ಟಿದ್ದು ಮದ್ರಾಸ್ ರಾಜ್ಯದಲ್ಲಿ. ಅಂಬೆಗಾಲು ಬಿಟ್ಟು ನಡೆಯುವ ಹೊತ್ತಿಗೆ ಮೈಸೂರು ರಾಜ್ಯದವನಾದೆ. ಕೆಲಸಕ್ಕೆ ಸೇರಿದ ವರ್ಷ ಕರ್ನಾಟಕದವನಾದೆ. ಆದರೆ ಮನೆ ಬದಲಾಯಿಸಲೇ ಇಲ್ಲ. ಹೇಗೆ?’

ಉತ್ತರ ಹೇಳಿದ್ದು ಗೆಳೆಯನ ಹೆಂಡತಿ. ಅವರು ಶಾಲೆಯಲ್ಲಿ ಪಾಠ ಮಾಡಿದವರು. ಸ್ವಾತಂತ್ರ್ಯ ಬಂದಾಗ ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಜಿಲ್ಲೆಯ ಹತ್ತು ತಾಲ್ಲೂಕುಗಳನ್ನು ಹಂಚಿದರು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಉಳಿದ ಏಳು ಮೈಸೂರು ರಾಜ್ಯಕ್ಕೆ ಬಂದವು. ಬಳ್ಳಾರಿ ತಾಲ್ಲೂಕು ಯಾರಿಗೆ ಎಂಬುದೇ ದೊಡ್ಡ ಜಗ್ಗಾಟ. ಅದಕ್ಕಾಗಿ ನ್ಯಾಯಮೂರ್ತಿ ಮಿಶ್ರಾ ಅವರ ಆಯೋಗವೇ ಬರಬೇಕಾಯಿತು. ಮುಂದೆ 1973ರ ನವೆಂಬರ್ 1ರಂದು ಮೈಸೂರು ರಾಜ್ಯದ ಹೆಸರು ಕರ್ನಾಟಕವಾಯಿತು. ‘ಬೆಲ್ಲರಿ’ ಎಂದು ಇಂಗ್ಲಿಷಿನವರ ನಾಲಿಗೆಗೆ ತಕ್ಕಂತೆ ಬರೆಯುತ್ತಿದ್ದ ಊರಿನ ಹೆಸರು 2014ರ ನವೆಂಬರ್ 1ರಿಂದ ಸರಕಾರಿ ಕಡತಗಳಲ್ಲೂ ‘ಬಳ್ಳಾರಿ’ ಆಯಿತು.

1953ರ ವಿಲೀನದ ಸಂಭ್ರಮಕ್ಕೆ ಹಾಕಿದ್ದ ಚಪ್ಪರವನ್ನು ಕಾಯುತ್ತಿದ್ದ ರಂಜಾನ್ ಸಾಬ್ ಎಂಬವರ ಮೇಲೆ ದಾಳಿ ನಡೆದು ಅವರು ಪ್ರಾಣ ಬಿಟ್ಟರು. ಊರೆಲ್ಲ ಹಬ್ಬ ಮಾಡಬೇಕಾದ ದಿನ ಒಂದು ಮನೆಯಲ್ಲಿ ಅಳು. ನನ್ನ ಅಪ್ಪ ಈ ಸಂಗತಿ ಹೇಳುವಾಗಲೆಲ್ಲ ದನಿ ತಗ್ಗಿಸುತ್ತಿದ್ದರು. ನಾನೂ ಮಕ್ಕಳಿಗೆ ದನಿ ತಗ್ಗಿಸಿಯೇ ಹೇಳಿದೆ. ನಕಾಶೆಯಲ್ಲಿ ಗೆರೆ ಎಳೆಯುವುದು ಸುಲಭ. ಆ ಗೆರೆಯ ಬೆಲೆ ಯಾರೋ ಒಬ್ಬರು ತೆತ್ತಿರುತ್ತಾರೆ.

ಬಳ್ಳಾರಿ ಎಂಬ ಹೆಸರಿಗೂ ಕಥೆಗಳುಂಟು. ವ್ಯಾಪಾರಕ್ಕೆ ಬಂದವರಿಗೆ ಪೂಜೆಗೆ ಲಿಂಗ ಸಿಗಲಿಲ್ಲವಂತೆ. ಕಾಳು ಅಳೆಯುವ ಬಳ್ಳವನ್ನೇ ಬೋರಲು ಹಾಕಿ ಲಿಂಗವೆಂದು ಪೂಜಿಸಿದರಂತೆ. ಬಳ್ಳದಿಂದ ಬಳ್ಳಾರಿ. ಇಂದ್ರ ಬಲಾಸುರನನ್ನು ಕೊಂದ ಜಾಗ, ಆದ್ದರಿಂದ ‘ಬಲಾರಿ’ ಎನ್ನುವವರೂ ಇದ್ದಾರೆ. ಬ್ಯಾಂಕಿನವನಾದ ನನಗೆ ಅಳತೆಯ ಬಳ್ಳದ ಕಥೆಯೇ ಇಷ್ಟ.

ಮಧ್ಯಾಹ್ನ ಊಟ, ನಿದ್ದೆ. ಸಂಜೆ ಕನಕದುರ್ಗಮ್ಮನ ಗುಡಿಗೆ ಹೋದೆವು. ಊರ ದೇವತೆ ಆಕೆ. ಅವಳ ಸಿಡಿಬಂಡಿ ಉತ್ಸವಕ್ಕೆ ಸುತ್ತಲಿನ ಹಳ್ಳಿಗಳೆಲ್ಲ ಬರುತ್ತವೆ. ಅಲ್ಲಿಂದ ಎಲ್ಲರ ಬಾಯಲ್ಲೂ ರಾಯಲ್ ಸರ್ಕಲ್ ಆಗಿರುವ ಗಡಿಗಿ ಚೆನ್ನಪ್ಪ ವೃತ್ತ. ದಾರಿಯಲ್ಲಿ ರಾಘವ ಕಲಾಮಂದಿರ ತೋರಿಸಿದೆ. ವೃತ್ತಿಯಲ್ಲಿ ವಕೀಲರಾಗಿದ್ದುಕೊಂಡೇ ರಂಗದ ಮೇಲೆ ಮಹಾನಟನೆನಿಸಿದ ಬಳ್ಳಾರಿ ರಾಘವ ಅವರ ಹೆಸರು ಅದಕ್ಕೆ. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ಅವರು ತೆಲುಗು, ಕನ್ನಡ, ಇಂಗ್ಲಿಷ್ ನಾಟಕಗಳಲ್ಲಿ ನಟಿಸಿದರು. ಗಡಿನಾಡಿನವರಿಗೆ ಭಾಷೆ ಬೇಲಿಯಲ್ಲ, ಬಾಗಿಲು.

ಕುರುಗೋಡಿನ ದೊಡ್ಡ ಬಸವ

ಎರಡನೇ ದಿನ ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಕುರುಗೋಡಿಗೆ ಹೊರಟೆವು. ರಸ್ತೆಯ ಬದಿಯಲ್ಲಿ ಮುಳ್ಳಿನ ಜಾಲಿ ಪೊದೆಗಳು. ‘ಇದರ ಹೆಸರು ಬಳ್ಳಾರಿ ಜಾಲಿ. ಆದರೆ ಇದು ನಮ್ಮದಲ್ಲ, ಅಮೆರಿಕ ಖಂಡದ ಗಿಡ. ಪರದೇಶದಿಂದ ಬಂದು ನಮ್ಮೂರ ಹೆಸರಿಟ್ಟುಕೊಂಡು ನಾಡೆಲ್ಲ ಹಬ್ಬಿದೆ’ ಎಂದೆ. ‘ನಿಮ್ಮೂರಿನವರಿಗೆ ಒಳ್ಳೇ ಹೆಸರು ತಂದಿದೆ ಬಿಡು’ ಎಂದು ಗೆಳೆಯ ಚುಚ್ಚಿದ.

ಬಳ್ಳಾರಿಯ ವಾಯವ್ಯಕ್ಕೆ ಮುಕ್ಕಾಲು ಗಂಟೆಯ ದಾರಿಯಲ್ಲಿ, ಕಲ್ಲುಗುಡ್ಡಗಳ ಮಡಿಲಲ್ಲಿದೆ ಕುರುಗೋಡು. ಈಗ ತಾಲ್ಲೂಕು ಕೇಂದ್ರ. 12ನೇ ಶತಮಾನದಲ್ಲಿ ಇದು ಒಂದು ರಾಜಧಾನಿ. ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದ ಸಿಂದ ಮನೆತನದವರು ಇಲ್ಲಿಂದ ಆಳಿದರು. ಅವರಲ್ಲೊಬ್ಬ ರಾಚಮಲ್ಲನ ಹೆಸರು ಶಾಸನದಲ್ಲಿದೆ. ಹಳೆಯ ಕುರುಗೋಡಿನಲ್ಲಿ ಆ ಕಾಲದ ಕಲ್ಲಿನ ಗುಡಿಗಳು ಇಂದಿಗೂ ನಿಂತಿವೆ. ಗುಡ್ಡದ ಮೇಲೆ ಕೋಟೆಯ ಗೋಡೆಯ ಸಾಲು ಕಾಣುತ್ತದೆ.

ಜನ ಬರುವುದು ದೊಡ್ಡಬಸವೇಶ್ವರನಿಗಾಗಿ. ಸಾಮಾನ್ಯವಾಗಿ ಬಸವ ಶಿವನ ಎದುರು ಕೂತಿರುತ್ತಾನೆ. ಇಲ್ಲಿ ಬಸವನೇ ಮೂಲದೇವರು. ಒಂದೇ ಕಲ್ಲಿನಲ್ಲಿ ಕಡೆದ, ಸುಮಾರು 12 ಅಡಿ ಎತ್ತರದ ಮೂರ್ತಿ. ಹತ್ತಿರ ಹೋದರೆ ಕತ್ತೆತ್ತಿ ನೋಡಬೇಕು. ಮೊಮ್ಮಗಳು ಸೊಂಟದ ಮೇಲೆ ಕೈಯಿಟ್ಟು ಅಳೆಯುವಂತೆ ನೋಡಿ, ‘ನಮ್ಮ ಚಾಮುಂಡಿ ಬೆಟ್ಟದ ನಂದಿ ಇದಕ್ಕಿಂತ ದೊಡ್ಡದು’ ಎಂದಳು. ಅದು ನಿಜವೇ. ‘ನಿಮ್ಮ ನಂದಿ ಬಿಸಿಲು ಮಳೆಯಾಗ ಬಯಲಾಗ ಕುಂತೈತಿ. ನಮ್ಮ ಬಸವಗ ಮನಿ ಐತಿ, ತೇರು ಐತಿ’ ಎಂದು ನನ್ನ ಮೊಮ್ಮಗ ತಿರುಗುಬಾಣ ಬಿಟ್ಟ. ಫಾಲ್ಗುಣ ಮಾಸದಲ್ಲಿ ನಡೆಯುವ ಆ ತೇರಿಗೆ ಬಂಡಿ ಕಟ್ಟಿಕೊಂಡು ಬರುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಲೆಡ್ಜರಿನ ಎಡಗಡೆಯ ನಾಲ್ಕು ಸಾಲುಗಳಲ್ಲಿ ಇದೂ ಒಂದು.

ಗುಡಿಯ ಹೊರಗೆ ಒಬ್ಬ ಅಜ್ಜಿ ಬುಟ್ಟಿಯಲ್ಲಿ ಅಂಜೂರ ಮಾರುತ್ತಿದ್ದಳು. ಬಳ್ಳಾರಿ ಸೀಮೆಯ ಅಂಜೂರಕ್ಕೆ ಒಳ್ಳೆಯ ಹೆಸರಿದೆ. ಹಣ್ಣನ್ನು ಸೀಳಿ ಒಳಗಿನ ಕೆಂಪು ತೋರಿಸಿದಾಗ, ‘ಇದೂ ಖಾರನಾ?’ ಎಂದು ಮೊಮ್ಮಗಳು ಅನುಮಾನದಿಂದಲೇ ಬಾಯಿಗಿಟ್ಟಳು.

ನಲವತ್ತೈದು ವರ್ಷ ತಡವಾದ ಭಾನುವಾರ

ಕುರುಗೋಡಿನಿಂದ ಸಿರುಗುಪ್ಪದ ಕಡೆಗೆ ಹೊರಟರೆ ನೆಲದ ಬಣ್ಣವೇ ಬದಲಾಗುತ್ತದೆ. ಕಲ್ಲುಗುಡ್ಡಗಳು ಹಿಂದೆ ಸರಿದು ಎರೆಮಣ್ಣಿನ ಬಯಲು ತೆರೆದುಕೊಳ್ಳುತ್ತದೆ. ನೀರಾವರಿ ತಲುಪಿದಲ್ಲಿ ಕಣ್ಣು ಹಾಯುವಷ್ಟು ಭತ್ತ. ದಸರೆಯ ಕಾಲವಾದ್ದರಿಂದ ತೆನೆ ಬಾಗತೊಡಗಿತ್ತು. ‘ಸಿರಿಯ ಕುಪ್ಪೆ’, ಅಂದರೆ ಸಂಪತ್ತಿನ ರಾಶಿ ಎಂಬುದೇ ಸಿರುಗುಪ್ಪ ಆಯಿತೆಂದು ಹಿರಿಯರು ಹೇಳುತ್ತಾರೆ.

ಆದರೆ ಈ ಸಿರಿ ಸುಮ್ಮನೆ ಬಂದದ್ದಲ್ಲ. 1876ರಿಂದ 78ರವರೆಗಿನ ಧಾತು ಈಶ್ವರ ಬರದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ನನ್ನ ಅಜ್ಜಿ ತಟ್ಟೆಯಲ್ಲಿ ಅನ್ನ ಬಿಟ್ಟರೆ, ‘ಧಾತು ಬರ ನೆನಸ್ಕೊ’ ಎಂದು ಗದರುತ್ತಿದ್ದಳು. ಆ ಬರ ಅವಳು ಹುಟ್ಟುವ ಮೊದಲೇ ಆಗಿಹೋಗಿತ್ತು. ಆದರೂ ಮನೆಯಿಂದ ಮನೆಗೆ ಆ ಹೆದರಿಕೆ ಇಳಿದು ಬಂದಿತ್ತು. ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟು ಕಟ್ಟಿ, 1953ರ ಜುಲೈನಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ಇಲ್ಲಿನ ಹಣೆಬರಹ ತಿರುಗಿತು. ಸಿರುಗುಪ್ಪ, ದೇಶನೂರು ಕಾಲುವೆಗಳು ಅದಕ್ಕೂ ಹಳೆಯವು, ವಿಜಯನಗರದ ಕಾಲದವು. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ ನಮ್ಮ ಸೀಮೆಯ ಮನೆಮನೆಯಲ್ಲೂ ಉಸಿರು ಬಿಗಿಹಿಡಿದು ಟಿವಿ ನೋಡಿದ್ದು ಇದೇ ಕಾರಣಕ್ಕೆ.

ಸಿರುಗುಪ್ಪ ತಾಲ್ಲೂಕಿನ ಮಳೆಯಾಶ್ರಿತ ಎರೆಹೊಲಗಳಲ್ಲಿ ಇನ್ನೊಂದು ಸಂಪತ್ತಿದೆ. ಅದು ಎರೆಬೂತ ಎಂಬ ಹಕ್ಕಿ. ಗಂಡುಹಕ್ಕಿ 15 ಕಿಲೋ ತೂಗಬಲ್ಲದು. ಹಾರಬಲ್ಲ ಹಕ್ಕಿಗಳಲ್ಲಿ ಬಹಳ ಭಾರದ್ದು ಇದು. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆಯನ್ನು ಬರೀ ನೆಲದ ಮೇಲೆ ಇಡುತ್ತದೆ. ವಿದ್ಯುತ್ ತಂತಿಗಳು ಇದಕ್ಕೆ ದೊಡ್ಡ ಶತ್ರು. ನಾಡಿನಲ್ಲಿ ಬೆರಳೆಣಿಕೆಯಷ್ಟೇ ಉಳಿದಿರುವ ಇವುಗಳ ಕೊನೆಯ ಆಸರೆ ಸಿರುಗುಪ್ಪದ ಬಯಲು. ನಾವು ಹುಡುಕಿಕೊಂಡು ಹೋಗಲಿಲ್ಲ. ಅವುಗಳನ್ನು ಅವುಗಳ ಪಾಡಿಗೆ ಬಿಡುವುದೇ ನಾವು ಮಾಡಬಹುದಾದ ಉಪಕಾರ.

ಊರೊಳಗೆ ಬಂದಾಗ ಗೆಳೆಯ ಕಾರಿನ ಗಾಜು ಇಳಿಸಿ ಕತ್ತು ಹೊರಗೆ ಹಾಕಿದ. ನಾವು ಕೆಲಸ ಮಾಡಿದ ಕಟ್ಟಡ ಹುಡುಕಿದೆವು. ಎರಡು ಬೀದಿ ತಿರುಗಿದರೂ ಸಿಗಲಿಲ್ಲ. ಮೂರನೇ ಸಲ ಸುತ್ತುವಾಗ ಗೆಳೆಯ ಒಂದು ಬೇವಿನ ಮರ ನೋಡಿ, ‘ನಿಲ್ಲಿಸು’ ಎಂದ. ಅದರ ಕೆಳಗೆ ನಮ್ಮ ಸೈಕಲ್ ನಿಲ್ಲಿಸುತ್ತಿದ್ದೆವು. ಕಟ್ಟಡ ಇದ್ದಲ್ಲಿ ಈಗ ಬಟ್ಟೆ ಅಂಗಡಿ. ಮರದ ಕಾಂಡಕ್ಕೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತ. ಫೋಟೋ ತೆಗೆಯಲು ಮೊಮ್ಮಗಳು ಕರೆದರೂ ತಿರುಗಲಿಲ್ಲ.

ಆಮೇಲೆ ಹೇಳಿದ: ‘ಕೆಂಚನಗುಡ್ಡ ನೆನಪಿದೆಯಾ? ನೀನು ತೋರಿಸ್ತೀನಿ ಅಂದಿದ್ದೆ.’

ನೆನಪಿತ್ತು. ನೆನಪಿದ್ದದ್ದರಿಂದಲೇ ನಾಚಿಕೆಯಾಯಿತು. ಸಿರುಗುಪ್ಪಕ್ಕೆ ತೀರ ಹತ್ತಿರ, ತುಂಗಭದ್ರೆಯ ದಂಡೆಯ ಮೇಲಿನ ಊರು ಅದು. ಆಗ ಇಬ್ಬರ ಬಳಿಯೂ ಸೈಕಲ್ ಇತ್ತು, ಇಪ್ಪತ್ತೈದರ ಕಾಲುಗಳಿದ್ದವು. ಪ್ರತಿ ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಅವನು ಕೇಳುವುದು, ನಾನು ‘ಮುಂದಿನ ಭಾನುವಾರ’ ಎನ್ನುವುದು. ಮೂರು ವರ್ಷದಲ್ಲಿ ನೂರೈವತ್ತಕ್ಕೂ ಹೆಚ್ಚು ಭಾನುವಾರಗಳು. ಒಂದು ದಿನ ವರ್ಗದ ಆದೇಶ ಬಂತು. ಅವನು ಟ್ರಂಕು ಕಟ್ಟಿಕೊಂಡು ಹೋದ.

ಹೋದೆವು. ನದಿ ಬಂಡೆಗಳ ನಡುವೆ ಕವಲಾಗಿ ಹರಿಯುತ್ತಿತ್ತು. ದಂಡೆಯಲ್ಲಿ ಹಳೆಯ ಕೋಟೆ, ಅರಮನೆಯ ಪಾಳುಗೋಡೆಗಳು. ವಸುಧೇಂದ್ರ ತೀರ್ಥರ ವೃಂದಾವನ. ಗಂಟೆಯ ಸದ್ದು, ನೀರಿನ ಸದ್ದು, ಬೇರೇನೂ ಇಲ್ಲ. ಮಕ್ಕಳು ಕಾಲು ನೀರಿಗೆ ಇಳಿಬಿಟ್ಟು ಕೂತರು. ನಾವಿಬ್ಬರೂ ಒಂದು ಮೆಟ್ಟಿಲ ಮೇಲೆ, ಲೆಡ್ಜರ್ ಬರೆಯುತ್ತಿದ್ದಾಗ ಕೂರುತ್ತಿದ್ದ ಹಾಗೆ ಅಕ್ಕಪಕ್ಕ ಕೂತೆವು.

‘ಇಷ್ಟು ಹತ್ತಿರ ಇತ್ತಾ?’ ಎಂದ ಗೆಳೆಯ.

ನನ್ನ ಬಳಿ ಉತ್ತರವಿರಲಿಲ್ಲ. ಅವನೇ ನನ್ನ ಬೆನ್ನು ತಟ್ಟಿ, ‘ಬಡ್ಡಿ ಕೇಳಲ್ಲ ಬಿಡು, ಅಸಲು ಬಂತಲ್ಲ’ ಎಂದ.

ಹಾಡುವ ಕಲ್ಲು

ಮೂರನೇ ದಿನ ಬಿಸಿಲೇರುವ ಮುಂಚೆ ಬಳ್ಳಾರಿಯ ಪಕ್ಕದಲ್ಲೇ ಇರುವ ಸಂಗನಕಲ್ಲಿಗೆ ಹೋದೆವು. ಸಂಗನಕಲ್ಲು, ಕಪ್ಪಗಲ್ಲು ಎಂಬ ಊರುಗಳ ನಡುವಿನ ಗುಡ್ಡಗಳಲ್ಲಿ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಹೊಸ ಶಿಲಾಯುಗದ ಜನ ಮನೆ ಮಾಡಿಕೊಂಡಿದ್ದರು. ಅವರದು ಕಲ್ಲಿನ ಕೊಡಲಿಗಳ ದೊಡ್ಡ ಕಾರ್ಖಾನೆ. ಗುಡ್ಡದಲ್ಲಿ ಸಿಗುವ ಗಟ್ಟಿ ಕರಿಕಲ್ಲನ್ನು ಒಡೆದು, ಬಂಡೆಯ ಮೇಲೆ ಉಜ್ಜಿ ನಯ ಮಾಡುತ್ತಿದ್ದರು. ಉಜ್ಜಿ ಉಜ್ಜಿ ಬಿದ್ದ ಗುಳಿಗಳು ಇನ್ನೂ ಇವೆ. ದನ ಸಾಕುತ್ತಿದ್ದರು. ಸಗಣಿಯ ರಾಶಿಗೆ ಬೆಂಕಿ ಹಾಕುತ್ತಿದ್ದುದರಿಂದ ಉಂಟಾದ ಬೂದಿದಿಬ್ಬಗಳು ನಮ್ಮ ಸೀಮೆಯಲ್ಲಿ ಹಲವು ಕಡೆ ಇವೆ. ರಾಕ್ಷಸರನ್ನು ಸುಟ್ಟ ಬೂದಿ ಎಂದು ಹಳೆಯ ಜನ ನಂಬಿದ್ದರು. ಅವರು ಬೆಳೆದದ್ದು ಏನು ಗೊತ್ತೇ? ಹುರುಳಿ, ಹೆಸರು, ಕೊರಲೆ. ನಮ್ಮ ಅಡುಗೆಮನೆಯ ಹುರುಳಿ ಸಾರು ಅಷ್ಟು ಹಳೆಯದು!

ಇದನ್ನು ಲೋಕಕ್ಕೆ ತಿಳಿಸಿದವರಲ್ಲಿ ಮೊದಲಿಗ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿ ಭಾರತದ ಇತಿಹಾಸವನ್ನೇ ಹಿಂದಕ್ಕೆ ಒಯ್ದವರು. ಅವರ ಹೆಸರಿನ ಪುರಾತತ್ವ ವಸ್ತುಸಂಗ್ರಹಾಲಯ ಈಗ ಬಳ್ಳಾರಿಯಲ್ಲಿದೆ. ನಮ್ಮ ಕಾಲದಲ್ಲಿ ಇಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು ಧಾರವಾಡದ ಪ್ರೊಫೆಸರ್ ರವಿ ಕೋರಿಶೆಟ್ಟರ್.

ಗುಡ್ಡದ ಮೇಲಿನ ಕರಿಬಂಡೆಗಳ ಮೇಲೆ ಆ ಜನ ಕುಟ್ಟಿ ಬಿಡಿಸಿದ ಚಿತ್ರಗಳಿವೆ. ಉದ್ದ ಕೊಂಬಿನ, ಡುಬ್ಬದ ಎತ್ತುಗಳು, ಮನುಷ್ಯರ ಆಕೃತಿಗಳು. ಅವುಗಳ ನಡುವೆ ಕೆಲವು ಬಂಡೆಗಳಿವೆ, ತಟ್ಟಿದರೆ ಗಂಟೆಯಂತೆ ದನಿ ಕೊಡುತ್ತವೆ. ತಟ್ಟಿ ತಟ್ಟಿ ಗುಳಿ ಬಿದ್ದ ಗುರುತು ಅವುಗಳ ಮೇಲಿದೆ. ಅಂದರೆ ಆ ಜನ ಕಲ್ಲಿನಲ್ಲಿ ಸಂಗೀತ ನುಡಿಸುತ್ತಿದ್ದರು ಎಂದು ವಿದ್ವಾಂಸರು ಊಹಿಸುತ್ತಾರೆ. ಇಂಥ ಗುಡ್ಡಕ್ಕೂ ಕಲ್ಲುಗಣಿಯ ಕಾಟ ತಪ್ಪಿಲ್ಲ. ಒಂದು ಲಾರಿ ಜಲ್ಲಿಗೆ ಸಿಗುವ ಬೆಲೆಗೆ ನಾಲ್ಕು ಸಾವಿರ ವರ್ಷದ ದನಿ ಪುಡಿಯಾಗಬಾರದು.

ನನಗೆ ಅಲ್ಲಿ ಹತ್ತಲು ಆಗುವುದಿಲ್ಲವೆಂದು ನೋಡಿದ ತಕ್ಷಣ ತಿಳಿಯಿತು. ಉರುಳು ಬಂಡೆಗಳು, ದಾರಿಯೇ ಇಲ್ಲ. ಕುರಿ ಮೇಯಿಸುತ್ತಿದ್ದ ಆ ಊರಿನ ಹಿರಿಯರೊಬ್ಬರು, ‘ಹುಡುಗ್ರನ್ನ ನಾ ಕರ್ಕೊಂಡು ಹೋಗ್ತೀನಿ, ನೀವು ಕುಂದ್ರಿ’ ಎಂದರು. ‘ಚಿತ್ರ ಇರೋ ಕಲ್ಲು ಮುಟ್ಟಬ್ಯಾಡ್ರಿ, ನಾ ತೋರ್ಸಿದ್ದಷ್ಟೇ ನೋಡ್ರಿ’ ಎಂದು ಮಕ್ಕಳಿಗೆ ಮೊದಲೇ ತಾಕೀತು ಮಾಡಿದರು. ಗೆಳೆಯ ನನ್ನ ಜೊತೆ ಕೆಳಗೇ ಉಳಿದ.

ಕಾಲು ಗಂಟೆ ಕಳೆಯಿತು. ಗಾಳಿ ನಿಂತಿತ್ತು. ಮೇಲಿನಿಂದ ‘ಟಣ್’ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು, ಬೇರೆ ಶ್ರುತಿಯಲ್ಲಿ. ಕಲ್ಲಿನ ಸದ್ದಲ್ಲ ಅದು, ದೂರದ ಗುಡಿಯ ಗಂಟೆಯ ಸದ್ದು. ಹುಟ್ಟಿದ ಊರಿನಿಂದ ಕೂಗಳತೆಯಲ್ಲಿ ಇಂಥದ್ದೊಂದು ಇದೆಯೆಂದು ಎಪ್ಪತ್ತು ದಾಟಿದ ಮೇಲೆ, ಅದೂ ಕೆಳಗೆ ಕೂತು ಕೇಳಿದೆ. ಗೆಳೆಯ ಏನೂ ಮಾತಾಡಲಿಲ್ಲ. ಬಿಸಿಲು, ಧೂಳು ಎಂದವನು ಕಣ್ಣು ಮುಚ್ಚಿ ಮುಂದಿನ ದನಿಗಾಗಿ ಕಾಯುತ್ತಿದ್ದ.

ಅವರು ಮಧ್ಯಾಹ್ನ ಹಂಪಿಗೆ ಹೊರಟರು. ಮೊಮ್ಮಗಳು ಕಾರು ಹತ್ತುವಾಗ ನನ್ನ ಮೊಮ್ಮಗನಿಗೆ, ‘ಮೈಸೂರಿಗೆ ಬಾ, ನಾನೂ ನಮ್ಮೂರು ತೋರಿಸ್ತೀನಿ. ಅಷ್ಟರಲ್ಲಿ ನೋಡಿಕೊಂಡು ಇರ್ತೀನಿ’ ಎಂದಳು. ಆ ‘ಅಷ್ಟರಲ್ಲಿ’ ಎಂಬ ಮಾತು ನನಗೆ ಬಹಳ ಹಿಡಿಸಿತು.

ರಾತ್ರಿ ಲೆಡ್ಜರ್ ತೆರೆದು ನೋಡಿದೆ. ಮೊಮ್ಮಗ ತನ್ನದೇ ಒಂದು ಪುಟ ಶುರು ಮಾಡಿದ್ದ. ಎಡಗಡೆ ಅವನ ಸಾಲುಗಳು ನನ್ನವನ್ನು ಮೀರಿದ್ದವು. ನನ್ನ ಪುಟದ ಬಲಗಡೆ, ಬಳ್ಳಾರಿ ಗುಡ್ಡದ ತುದಿ ಎಂಬುದರ ಮುಂದೆ ಪೆನ್ಸಿಲಿನಲ್ಲಿ ಬರೆದಿದ್ದ: ‘ನಿಧಾನಕ್ಕೆ ಹತ್ತಿಸ್ತೀನಿ. ಈ ಭಾನುವಾರ.’

ಓದುವ ಅಜ್ಜ ಅಜ್ಜಿಯರೇ, ಮಕ್ಕಳೇ, ನಿಮ್ಮ ಊರು ಬಳ್ಳಾರಿಯೇ ಆಗಬೇಕಿಲ್ಲ. ಯಾವ ಊರಿಗೂ ಒಂದು ಗುಡ್ಡ, ಒಂದು ಕೆರೆ, ಒಂದು ಹಳೆಯ ಗುಡಿ, ಯಾರಿಗೂ ಹೇಳದ ಒಂದು ಕಥೆ ಇದ್ದೇ ಇರುತ್ತದೆ. ಮನೆಯಲ್ಲಿ ಹಳೆಯ ನೋಟ್‌ಬುಕ್ ಇದ್ದರೆ ತೆಗೆಯಿರಿ, ನಡುವೆ ಒಂದು ಗೆರೆ ಎಳೆಯಿರಿ. ಮಂಡಿ ಗಟ್ಟಿಯಿರುವವರು ಮುಂದೆ ನಡೆಯಲಿ, ಉಳಿದವರು ಹಿಂದಿನಿಂದ ಕಥೆ ಹೇಳಲಿ. ಅತಿಥಿಗಳು ಬರುವವರೆಗೆ ಕಾಯಬೇಡಿ.